ಮೀನುಡೇಗೆಯ ಜಾಡು: ಚುಕ್ಕಿಗಳನ್ನು ಓದಲು ಕಲಿತ ಬಗೆ

ನಾನು ನಕ್ಷೆಯ ಮೇಲೆ ಮೂಡಿಸಿದ ಮೊದಲ ಮೀನುಡೇಗೆ ಸೇಶೆಲ್ಸ್ ದ್ವೀಪಗಳ ಸಮೀಪದ ನಡುಗಡಲಿನಿಂದ ಹೊರಟು, ಹಿಂದೂ ಮಹಾಸಾಗರವನ್ನು ದಾಟಿ, ಆಫ್ರಿಕಾ ಖಂಡವನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿಕೊಂಡು ಹೋಗಿ, ಅಂಗೋಲಾದ ದಕ್ಷಿಣ ಭಾಗದ ಒಣನೆಲದಲ್ಲಿ ಚಳಿಗಾಲ ಕಳೆಯಿತು. ಮೀನನ್ನು ಬಿಟ್ಟರೆ ಬೇರೇನನ್ನೂ ಹೆಚ್ಚುಕಡಿಮೆ ಮುಟ್ಟದ ಹಕ್ಕಿಯೊಂದು ಒಣನೆಲದಲ್ಲಿ ಐದಾರು ತಿಂಗಳು ಕುಳಿತಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ನನಗೆ ಹೊಳೆಯಲು ಎರಡು ದಿನ ಬೇಕಾಯಿತು, ಅಷ್ಟರಲ್ಲಿ ಆ ನಕ್ಷೆಯನ್ನು ಮುದ್ರಿಸಿ ಗೋಡೆಗೂ ಅಂಟಿಸಿಯಾಗಿತ್ತು. ಆದದ್ದು ಇಷ್ಟೆ: ಕೋಷ್ಟಕದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಇತ್ತು, ನಾನು ಅವೆರಡನ್ನೂ ನಕ್ಷೆಯ ತಂತ್ರಾಂಶಕ್ಕೆ ಅದಲುಬದಲು ಮಾಡಿ ಉಣಿಸಿದ್ದೆ. ಉತ್ತರ ಅಕ್ಷಾಂಶ 57, ಪಶ್ಚಿಮ ರೇಖಾಂಶ 4 ಎಂದರೆ ಸ್ಕಾಟ್ಲೆಂಡಿನ ಎತ್ತರದ ನಾಡು. ಪಶ್ಚಿಮ ರೇಖಾಂಶವನ್ನು ಕೋಷ್ಟಕಗಳಲ್ಲಿ ಋಣಚಿಹ್ನೆಯೊಡನೆ ಬರೆಯುವುದರಿಂದ, ಅದೇ ಜೋಡಿ ತಿರುಗುಮುರುಗಾದಾಗ ದಕ್ಷಿಣ ಅಕ್ಷಾಂಶ 4, ಪೂರ್ವ ರೇಖಾಂಶ 57 ಆಗುತ್ತದೆ, ಅಂದರೆ ಸೇಶೆಲ್ಸ್‌ನ ಕಡಲು. ಸೆನೆಗಲ್ ಕರಾವಳಿಯ ಬಿಂದುಗಳು ಇದೇ ರೀತಿಯಲ್ಲಿ ಅಂಗೋಲಾಕ್ಕೆ ಹೋಗಿ ಬಿದ್ದಿದ್ದವು. ಕೊನೆಯ ಬಿಂದುಗಳೂ ಸಮುದ್ರದಲ್ಲಿ ಬಿದ್ದಿದ್ದರೆ ತಕ್ಷಣ ಎಚ್ಚರಗೊಳ್ಳುತ್ತಿದ್ದೆನೋ ಏನೋ. ಹಕ್ಕಿ ಹೇಗೂ ಆಫ್ರಿಕಾಕ್ಕೆ ಹೋಗಬೇಕಿತ್ತು, ಆಫ್ರಿಕಾದಲ್ಲೇ ಹೋಗಿ ನಿಂತಿತ್ತು, ಆದ್ದರಿಂದ ನಂಬಿದೆ. ಆರಂಭದ ಬಿಂದು ನೀರಿನಲ್ಲಿದ್ದುದನ್ನು ಉಪಗ್ರಹದ ದೋಷವೆಂದು ತಳ್ಳಿಹಾಕಿದ್ದೆ.

ಇಂಗ್ಲಿಷಿನಲ್ಲಿ ಆಸ್ಪ್ರೇ ಎಂದು ಕರೆಯುವ ಈ ಹಕ್ಕಿಗಳ ಜಾಡನ್ನು ಮೇಜಿನ ಮುಂದೆ ಕುಳಿತು ಹಿಂಬಾಲಿಸಲು ಕಲಿತ ಬಗೆಯನ್ನು ಬರೆಯುತ್ತಿದ್ದೇನೆ. ಹಕ್ಕಿಗಳಿಗೆ ಟ್ಯಾಗ್, ಅಂದರೆ ಅವು ಇರುವ ಜಾಗವನ್ನು ತಿಳಿಸುವ ಪುಟ್ಟ ಯಂತ್ರ, ತೊಡಿಸುವುದು ನನ್ನ ಕೆಲಸವಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಎಂಬ ಪಕ್ಷಿ ಅಧ್ಯಯನ ಸಂಸ್ಥೆಯ ಅನುಮತಿಯೂ ನುರಿತವರ ಕೈಕೆಳಗೆ ಪಡೆದ ದೀರ್ಘ ತರಬೇತಿಯೂ ಬೇಕು. ಅಂಥವರು ಹಂಚಿಕೊಂಡ ದತ್ತಾಂಶವನ್ನು ಇಳಿಸಿಕೊಂಡು ಓದುವುದಷ್ಟೇ ನನ್ನ ಪಾಲಿನದು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಆಶ್ರಯದಲ್ಲಿರುವ ಮೂವ್‌ಬ್ಯಾಂಕ್ ಎಂಬ ಭಂಡಾರದಲ್ಲಿ ನೂರಾರು ಜೀವಿಗಳ ಚಲನೆಯ ದಾಖಲೆಗಳಿವೆ. ಕೆಲವನ್ನು ಯಾರು ಬೇಕಾದರೂ ತೆರೆಯಬಹುದು, ಕೆಲವಕ್ಕೆ ಅದರ ಒಡೆಯರನ್ನು ಕೇಳಬೇಕು. ಕೇಳಿದರೆ ಕೊಡುತ್ತಾರೆ, ಯಾಕೆ ಬೇಕೆಂದು ಎರಡು ಸಾಲು ಸರಿಯಾಗಿ ಬರೆದಿರಬೇಕು ಅಷ್ಟೆ. ಹೀಗೆ ದೊರೆತ ಮೂರು ಹಕ್ಕಿಗಳ ಜೊತೆ ನನ್ನ ಬಹುಪಾಲು ಸಮಯ ಕಳೆದಿದೆ. ನಕ್ಷೆಯಲ್ಲಿ ನಾನು ಬಳಸಿದ ಬಣ್ಣಗಳೇ ಅವುಗಳ ಹೆಸರುಗಳಾಗಿ ಉಳಿದಿವೆ: ಕೆಂಪು ಗೆರೆಯದು ವಯಸ್ಕ ಹೆಣ್ಣು, ಹಸಿರು ಗೆರೆಯದು ವಯಸ್ಕ ಗಂಡು, ನೀಲಿ ಗೆರೆಯದು ಟ್ಯಾಗ್ ತೊಡಿಸಿದ ಬೇಸಿಗೆಯಲ್ಲೇ ಗೂಡಿನಿಂದ ಹೊರಬಿದ್ದ ಮರಿ.

ಮೂರೂ ಸ್ಕಾಟ್ಲೆಂಡಿನವು. ಮೊಟ್ಟೆ ಕದಿಯುವವರ ಮತ್ತು ಬೇಟೆಗಾರರ ಕಾಟದಿಂದ ಬ್ರಿಟನ್ನಿನಲ್ಲಿ ಗೂಡು ಕಟ್ಟುವ ಮೀನುಡೇಗೆಗಳು 20ನೆಯ ಶತಮಾನದ ಆರಂಭದಲ್ಲಿ ಇಲ್ಲವಾಗಿ, 1954ರಲ್ಲಿ ಲಾಕ್ ಗಾರ್ಟನ್ ಸರೋವರದ ಬಳಿ ಮತ್ತೆ ಗೂಡು ಕಟ್ಟಿದವು. 1996ರಿಂದ 2001ರವರೆಗೆ ಪಕ್ಷಿತಜ್ಞ ರಾಯ್ ಡೆನಿಸ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ಮರಿಗಳನ್ನು ಇಂಗ್ಲೆಂಡಿನ ರಟ್ಲಂಡ್ ವಾಟರ್ ಜಲಾಶಯಕ್ಕೆ ತಂದು ಬಿಡುಗಡೆ ಮಾಡಿದರು, 2001ರಲ್ಲಿ ಅಲ್ಲಿ ಮೊದಲ ಜೋಡಿ ಮರಿ ಮಾಡಿತು. ಜಾಡು ಹಿಡಿಯುವವರಿಗೆ ಈ ಕಥೆಯಲ್ಲಿ ಒಂದು ಮುಖ್ಯ ಅಂಶವಿದೆ. ತಂದೆತಾಯಿಗಳಿಲ್ಲದೆ ಬೆಳೆದ ಆ ಮರಿಗಳು ತಾವಾಗಿಯೇ ಆಫ್ರಿಕಾಕ್ಕೆ ಹೋದವು, ಆದರೆ ಮರಳಿದಾಗ ಮೊಟ್ಟೆಯೊಡೆದ ಸ್ಕಾಟ್ಲೆಂಡನ್ನು ಹುಡುಕದೆ ಮೊದಲ ಬಾರಿ ರೆಕ್ಕೆ ಬಿಚ್ಚಿದ ರಟ್ಲಂಡಿಗೆ ಬಂದವು. ಹೋಗುವ ದಿಕ್ಕು ಹುಟ್ಟಿನಿಂದ ಬಂದದ್ದು, ಮರಳುವ ನೆಲೆ ಕಲಿತದ್ದು. ಮೀನುಡೇಗೆಗಳು ಗುಂಪಾಗಿ ಸಾಗುವುದೂ ಇಲ್ಲ. ತಾಯಿ ಸಾಮಾನ್ಯವಾಗಿ ಆಗಸ್ಟಿನಲ್ಲಿ ಮೊದಲು ಹೊರಟುಹೋಗುತ್ತದೆ, ತಂದೆ ಮರಿಗಳಿಗೆ ಮೀನು ತಂದುಕೊಡುತ್ತ ಇನ್ನಷ್ಟು ದಿನ ಉಳಿಯುತ್ತದೆ, ಮರಿಗಳು ಒಂದೊಂದಾಗಿ ತಮ್ಮ ಪಾಡಿಗೆ ಹೊರಡುತ್ತವೆ. ಆದ್ದರಿಂದ ಒಂದು ಕುಟುಂಬದ ನಾಲ್ಕು ಹಕ್ಕಿಗಳ ಗೆರೆಗಳು ನಾಲ್ಕು ಬೇರೆ ಬೇರೆ ಕಥೆಗಳು.

ಹಕ್ಕಿಯ ಬೆನ್ನಿನ ಮೇಲಿನ ಯಂತ್ರವನ್ನು ಅರ್ಥಮಾಡಿಕೊಳ್ಳದೆ ಅದು ಕಳುಹಿಸಿದ ಬಿಂದುಗಳನ್ನು ಓದಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೂವರೆ ಕಿಲೊ ಆಸುಪಾಸು ತೂಗುವ ಹಕ್ಕಿಗೆ ಅದರ ತೂಕದ ಶೇಕಡಾ 3ನ್ನು ಮೀರದಂತೆ, ಸುಮಾರು 30 ಗ್ರಾಮಿನ ಯಂತ್ರವನ್ನು ಟೆಫ್ಲಾನ್ ಪಟ್ಟಿಗಳಿಂದ ಬೆನ್ನಿಗೆ ತೊಡಿಸುತ್ತಾರೆ. ಪಟ್ಟಿಗಳನ್ನು ಎದೆಯ ಬಳಿ ಹತ್ತಿಯ ದಾರದಿಂದ ಹೊಲಿಯುತ್ತಾರೆ, ವರ್ಷಗಳ ಮೇಲೆ ದಾರ ಸವೆದು ಇಡೀ ಯಂತ್ರ ತಾನಾಗಿ ಕಳಚಿ ಬೀಳಲಿ ಎಂದು. ಮೇಲ್ಮೈಯಲ್ಲಿರುವ ಸೌರಫಲಕ ಬ್ಯಾಟರಿಯನ್ನು ತುಂಬುತ್ತದೆ.

ಹಸಿರು ಗೆರೆಯ ಗಂಡಿನ ಬೆನ್ನಿನಲ್ಲಿದ್ದದ್ದು ಹಳೆಯ ಮಾದರಿಯ, ಆರ್ಗೋಸ್ ವ್ಯವಸ್ಥೆಯನ್ನು ಮಾತ್ರ ನೆಚ್ಚಿದ ಯಂತ್ರ. ಫ್ರಾನ್ಸ್ ಮತ್ತು ಅಮೆರಿಕ ಸೇರಿ 1978ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ, ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳು ಸುಮಾರು 850 ಕಿಲೊಮೀಟರ್ ಎತ್ತರದಿಂದ ಯಂತ್ರದ ಸಂಕೇತವನ್ನು ಆಲಿಸುತ್ತವೆ. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರಿ, ದೂರವಾಗುವಾಗ ಇಳಿಯುವ ಹಾಗೆ ಸಂಕೇತದ ಆವರ್ತನವೂ ಏರಿಳಿಯುತ್ತದೆ, ಆ ಏರಿಳಿತದಿಂದ ಯಂತ್ರ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಉಪಗ್ರಹವೊಂದು ತಲೆಯ ಮೇಲೆ ಹಾದುಹೋಗುವುದು ಹತ್ತು ಹದಿನೈದು ನಿಮಿಷ ಮಾತ್ರ, ಅಷ್ಟರಲ್ಲಿ ನಾಲ್ಕು ಸಂಕೇತಗಳಾದರೂ ಸಿಗದಿದ್ದರೆ ಬಿಂದುವಿನ ದೋಷ ಎಷ್ಟೆಂದು ಹೇಳಲಾಗುವುದಿಲ್ಲ. ಪ್ರತಿ ಬಿಂದುವಿನ ಪಕ್ಕದಲ್ಲೂ ಒಂದು ದರ್ಜೆ ಇರುತ್ತದೆ: 3 ಎಂದಿದ್ದರೆ ದೋಷ 250 ಮೀಟರಿಗಿಂತ ಕಡಿಮೆ, 1 ಎಂದಿದ್ದರೆ ಒಂದೂವರೆ ಕಿಲೊಮೀಟರಿನವರೆಗೆ, 0 ಎಂದಿದ್ದರೆ ಅದಕ್ಕಿಂತ ಹೆಚ್ಚು, ಎ ಮತ್ತು ಬಿ ಎಂದಿದ್ದರೆ ದೋಷದ ಅಂದಾಜೇ ಇಲ್ಲ. ಮೊದಲ ವರ್ಷ ನಾನು ಈ ಕಂಬಸಾಲನ್ನೇ ಗಮನಿಸಿರಲಿಲ್ಲ. ಹಸಿರು ಗಂಡು ಮಧ್ಯಾಹ್ನ ಫ್ರಾನ್ಸಿನ ಕರಾವಳಿಯಲ್ಲಿದ್ದು, ಒಂದು ಗಂಟೆಯ ನಂತರ 180 ಕಿಲೊಮೀಟರ್ ಒಳನಾಡಿನಲ್ಲಿದ್ದು, ಮತ್ತೆ ಸಂಜೆಗೆ ಕರಾವಳಿಗೆ ಬಂದಂತೆ ಕಾಣುತ್ತಿತ್ತು, ಅದಕ್ಕೆ ಕಾರಣಗಳನ್ನೂ ನಾನು ಬಲು ಕಷ್ಟಪಟ್ಟು ಕಲ್ಪಿಸಿಕೊಂಡಿದ್ದೆ. ನಡುವಿನ ಆ ಬಿಂದುವಿನ ದರ್ಜೆ ಬಿ.

ಕೆಂಪು ಮತ್ತು ನೀಲಿ ಹಕ್ಕಿಗಳ ಯಂತ್ರಗಳು ಹೊಸ ಬಗೆಯವು. ಅವು ಜಿಪಿಎಸ್ ಮೂಲಕ ತಮ್ಮ ಜಾಗವನ್ನು ಕೆಲವೇ ಮೀಟರುಗಳ ನಿಖರತೆಯಲ್ಲಿ ತಾವೇ ಕಂಡುಕೊಂಡು ಗಂಟೆಗೊಮ್ಮೆ ಬರೆದಿಟ್ಟುಕೊಳ್ಳುತ್ತವೆ, ಮೊಬೈಲ್ ಗೋಪುರದ ವ್ಯಾಪ್ತಿಗೆ ಬಂದಾಗ ಕೂಡಿಟ್ಟದ್ದನ್ನೆಲ್ಲ ಒಮ್ಮೆಲೇ ಕಳುಹಿಸುತ್ತವೆ. ಬಿಂದುಗಳು ನಿಖರ ಎಂಬುದು ನಿಜ, ಆದರೆ ಗೋಪುರವಿಲ್ಲದ ಕಡೆ ಯಂತ್ರ ಮೌನಿ. ಈ ಮೌನದ ಬಗ್ಗೆ ಮುಂದೆ ಹೇಳುವುದಿದೆ.

ನಾನು ಬಳಸಿದ ಸಾಧನಗಳು ಸರಳ: ಮೂವ್‌ಬ್ಯಾಂಕಿನಿಂದ ಇಳಿಸಿಕೊಂಡ ಕೋಷ್ಟಕ, ಅದನ್ನು ತೆರೆಯಲು ಎಕ್ಸೆಲ್, ನಕ್ಷೆಗೆ ಉಚಿತವಾಗಿ ಸಿಗುವ ಕ್ಯೂಜಿಐಎಸ್, ಕಣ್ಣಿಗೆ ಹಬ್ಬವಾಗಲಿ ಎಂದು ಗೂಗಲ್ ಅರ್ಥ್. ತಂತ್ರಾಂಶ ಕಲಿಯಲು ಒಂದು ವಾರ ಸಾಕು, ಕಂಬಸಾಲುಗಳ ಅಳತೆಮಾನಗಳನ್ನು ತಿಳಿಯದೆ ನಾನು ಕಳೆದುಕೊಂಡದ್ದು ತಿಂಗಳುಗಳು. ವೇಗದ ಕಂಬಸಾಲಿನಲ್ಲಿ 13, 14 ಎಂಬ ಅಂಕಿಗಳನ್ನು ಕಂಡು, ಕೆಂಪು ಹೆಣ್ಣು ಸೈಕಲ್ ತುಳಿಯುವವರ ವೇಗದಲ್ಲಿ ತೆವಳುತ್ತಿದೆ ಎಂದು ಮರುಗಿದ್ದೆ. ಅಲ್ಲಿದ್ದದ್ದು ಸೆಕೆಂಡಿಗೆ ಮೀಟರ್, 14 ಎಂದರೆ ಗಂಟೆಗೆ 50 ಕಿಲೊಮೀಟರ್. ಸಮಯವೆಲ್ಲ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿತ್ತು, ಕೋಷ್ಟಕವನ್ನು ತೆರೆದ ತಂತ್ರಾಂಶ ಅದನ್ನು ನನ್ನ ಗಡಿಯಾರಕ್ಕೆ ತಾನಾಗಿ ಹೊಂದಿಸಿಬಿಟ್ಟಿದ್ದರಿಂದ, ಹಕ್ಕಿ ನಡುರಾತ್ರಿಯಲ್ಲಿ ಮರುಭೂಮಿಯ ಮೇಲೆ ಹಾರುತ್ತ ಬೆಳಗಿನ ಹೊತ್ತು ಮರಳಿನ ಮೇಲೆ ಕುಳಿತಿರುವಂತೆ ತೋರಿತು. ಮೀನುಡೇಗೆ ನೆಲದ ಮೇಲೆ ಸಾಗುವಾಗ ಬಿಸಿಲಿಗೆ ಮೇಲೇಳುವ ಗಾಳಿಯ ಕಂಬಗಳನ್ನು ಏರಿ, ಅಲ್ಲಿಂದ ಮುಂದಕ್ಕೆ ಜಾರಿ, ಮತ್ತೊಂದು ಕಂಬವನ್ನು ಹಿಡಿಯುತ್ತ ಹೋಗುವುದರಿಂದ ಅದರ ದಿನಚರಿ ಸೂರ್ಯನಿಗೆ ಅಂಟಿಕೊಂಡಿರುತ್ತದೆ: ಬೆಳಿಗ್ಗೆ ನೆಲ ಕಾದ ಮೇಲೆ ಹೊರಟು, ಸಂಜೆಗೆ ಇಳಿಯುವುದು. ಗಡಿಯಾರವನ್ನು ಸರಿಪಡಿಸಿದಾಗ ಹಕ್ಕಿಯ ದಿನವೂ ಸರಿಹೋಯಿತು.

ಎತ್ತರದ ಅಂಕಿ ಎಲ್ಲಕ್ಕಿಂತ ಮೋಸದ್ದು. ಸೆನೆಗಲ್ಲಿನ ಕಡಲ ದಂಡೆಯ ಮರಳಿನ ಮೇಲೆ ಕುಳಿತಿದ್ದ ಹಕ್ಕಿಯ ಎತ್ತರವನ್ನು ಯಂತ್ರ 30 ಮೀಟರ್ ಎಂದು ಬರೆದಿತ್ತು. ಜಿಪಿಎಸ್ ಎತ್ತರವನ್ನು ಅಳೆಯುವುದು ಗಣಿತದಲ್ಲಿ ಕಲ್ಪಿಸಿಕೊಂಡ ನಯವಾದ ಭೂಗೋಳದ ಮೇಲಿಂದ. ನಿಜವಾದ ಸಮುದ್ರಮಟ್ಟ ಅದಕ್ಕಿಂತ ಕೆಲವು ಕಡೆ ಮೇಲೆ, ಕೆಲವು ಕಡೆ ಕೆಳಗೆ ಇರುತ್ತದೆ. ಸೆನೆಗಲ್ ತೀರದಲ್ಲಿ ಈ ವ್ಯತ್ಯಾಸ ಸುಮಾರು 30 ಮೀಟರ್, ಬ್ರಿಟನ್ ಮತ್ತು ಸ್ಪೇನಿನ ವಾಯವ್ಯ ತೀರದ ಕಡಲುಗಳಲ್ಲಿ ಸುಮಾರು 50. ಕಳೆಯಬೇಕಾದ ಸಂಖ್ಯೆಯನ್ನು ಕಳೆದ ಮೇಲೂ ಒಂದಿಷ್ಟು ಏರುಪೇರು ಉಳಿಯುತ್ತದೆ, ಮೀನಿಗಾಗಿ ನೀರಿಗೆ ಧುಮುಕುವ ಹಕ್ಕಿ ಕಡಲಮಟ್ಟಕ್ಕಿಂತ ಎಂಟು ಮೀಟರ್ ಕೆಳಗಿದ್ದಂತೆ ಒಮ್ಮೊಮ್ಮೆ ದಾಖಲಾಗುವುದುಂಟು. ಕಾಲನ್ನು ಮುಂದೆ ಚಾಚಿ ಧುಮುಕುವ ಮೀನುಡೇಗೆ ನೀರಿನೊಳಗೆ ಒಂದು ಮೀಟರಿನಷ್ಟು ಹೋದರೆ ಹೆಚ್ಚು.

ಇವೆಲ್ಲವನ್ನು ತಿದ್ದಿಕೊಂಡ ಮೇಲೂ ಉಳಿದ ದೊಡ್ಡ ತಪ್ಪು ನನ್ನದೇ ಕೈಯದು, ಅದು ಗೆರೆ. ಯಂತ್ರ ಕೊಡುವುದು ಚುಕ್ಕಿಗಳನ್ನು, ಎರಡು ಚುಕ್ಕಿಗಳ ನಡುವಿನ ಗೆರೆಯನ್ನು ಎಳೆಯುವುದು ತಂತ್ರಾಂಶ. ಕೆಂಪು ಹೆಣ್ಣು ಸ್ಪೇನನ್ನು ದಾಟಿದ ಒಂದು ದಿನವನ್ನು ನಾನು ಎರಡು ಬಗೆಯಲ್ಲಿ ಅಳೆದು ನೋಡಿದೆ. ಬೆಳಗಿನ ಮತ್ತು ಸಂಜೆಯ ಬಿಂದುಗಳನ್ನು ಮಾತ್ರ ಜೋಡಿಸಿದರೆ 268 ಕಿಲೊಮೀಟರ್, ಗಂಟೆಗೊಂದರಂತೆ ಎಲ್ಲ ಬಿಂದುಗಳನ್ನೂ ಜೋಡಿಸಿದರೆ 341. ಐದು ನಿಮಿಷಕ್ಕೊಂದು ಬಿಂದು ಇದ್ದಿದ್ದರೆ, ಗಾಳಿಯ ಕಂಬದೊಳಗೆ ಅದು ಹಾಕಿದ ಸುತ್ತುಗಳೆಲ್ಲ ಸೇರಿ ಆ ಸಂಖ್ಯೆ ಇನ್ನೂ ಬೆಳೆಯುತ್ತಿತ್ತು. ಸ್ಕಾಟ್ಲೆಂಡಿನಿಂದ ಸೆನೆಗಲ್ಲಿಗೆ 5000 ಕಿಲೊಮೀಟರ್ ಎಂದು ಹೇಳುವಾಗ ಅದು ಯಾವ ಅಂತರದಲ್ಲಿ ಅಳೆದದ್ದು ಎಂದು ಹೇಳದಿದ್ದರೆ ಎರಡು ಹಕ್ಕಿಗಳ ಹೋಲಿಕೆಗೆ ಬೆಲೆಯಿಲ್ಲ. ಈಗ ನನ್ನ ನಕ್ಷೆಗಳಲ್ಲಿ ಒಂದು ಕಟ್ಟುಪಾಡಿದೆ. ಬಿಂದುಗಳ ನಡುವೆ ಒಂದು ಗಂಟೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತುಂಡಿಲ್ಲದ ಗೆರೆ, ಅದಕ್ಕಿಂತ ಹೆಚ್ಚಿದ್ದು ಒಂದು ದಿನದೊಳಗಿದ್ದರೆ ಬಿಡಿಬಿಡಿ ಗೆರೆ, ಒಂದು ದಿನ ಮೀರಿದ್ದರೆ ಗೆರೆಯೇ ಇಲ್ಲ.

ಈ ಕಟ್ಟುಪಾಡಿಗೆ ಬರಲು ಕಾರಣವಾದದ್ದು ಕೆಂಪು ಹೆಣ್ಣಿನ ಎರಡನೆಯ ಶರತ್ಕಾಲ. ಆಗಸ್ಟ್ ನಡುವಿನಲ್ಲಿ ಹೊರಟ ಅದು ಪಶ್ಚಿಮ ಸ್ಪೇನಿನ ಒಂದು ಜಲಾಶಯದ ಬಳಿ ಮೂರು ವಾರ ತಂಗಿತ್ತು. ಬೇಗ ಹೊರಡುವ ಹೆಣ್ಣುಗಳು ದಾರಿಯಲ್ಲಿ ಹೀಗೆ ತಂಗಿ ಮೈದುಂಬಿಕೊಳ್ಳುವುದು ಸಾಮಾನ್ಯ ಎಂದು ಅಷ್ಟು ಹೊತ್ತಿಗೆ ತಿಳಿದಿದ್ದರಿಂದ ನಾನು ಗಾಬರಿಯಾಗಲಿಲ್ಲ. ಮುಂದೆ ಅದು ಮೊರಾಕೊವನ್ನು ದಾಟಿ ಅಟ್ಲಾಸ್ ಪರ್ವತದ ದಕ್ಷಿಣಕ್ಕೆ ಬಂದು, ಒಂದು ಸಂಜೆ ಐದು ಗಂಟೆಯ ಬಿಂದುವನ್ನು ಕಳುಹಿಸಿ ಸುಮ್ಮನಾಯಿತು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಕೊನೆಯ ಬಿಂದುವಿನ ಸುತ್ತಲಿನ ಉಪಗ್ರಹ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಕಲ್ಲು ಮತ್ತು ಮರಳು, ಒಂದು ಒಣ ಹೊಳೆಯ ಗುರುತು, ಬೇರೇನೂ ಇಲ್ಲ. ಮೂರನೆಯ ದಿನ ನಾನು ಇದೇ ಆಸಕ್ತಿಯ ನಾಲ್ಕೈದು ಗೆಳೆಯರಿಗೆ ಹಕ್ಕಿ ಸತ್ತಿತೆಂದು ಬರೆದೆ, ಒಬ್ಬರು ಸಂತಾಪದ ಮಾತನ್ನೂ ಬರೆದರು. ನಾಲ್ಕನೆಯ ದಿನದ ಸಂಜೆ ಕೋಷ್ಟಕಕ್ಕೆ ಹತ್ತಾರು ಹೊಸ ಸಾಲುಗಳು ಒಟ್ಟಿಗೆ ಬಂದು ಬಿದ್ದವು. ಹಕ್ಕಿ ಮೌರಿಟಾನಿಯಾವನ್ನು ದಾಟಿ ಸೆನೆಗಲ್ ನದಿಯ ದಂಡೆಯಲ್ಲಿತ್ತು. ಮೀನುಡೇಗೆಯೊಂದು ಸಹಾರಾವನ್ನು ದಾಟಲು ಹಿಡಿಯುವ ಅವಧಿಯೇ ಮೂರರಿಂದ ಐದು ದಿನ, ಅಂದರೆ ಎಲ್ಲವೂ ಆಗಬೇಕಾದಂತೆಯೇ ಆಗಿತ್ತು. ಸಾವಿನ ಸುದ್ದಿಯನ್ನು ಹಿಂತೆಗೆದುಕೊಂಡು ಬರೆದ ಪತ್ರ ನಾನು ಈವರೆಗೆ ಬರೆದವುಗಳಲ್ಲಿ ಅತ್ಯಂತ ಚಿಕ್ಕದು.

ಹಸಿರು ಗಂಡಿನ ವಿಷಯದಲ್ಲಿ ತಪ್ಪು ಮಾಡಿದ್ದು ಇದಕ್ಕೆ ಪೂರ್ತಿ ವಿರುದ್ಧವಾಗಿ. ಅದರ ಯಂತ್ರಕ್ಕೆ ಮೊಬೈಲ್ ಗೋಪುರದ ಹಂಗಿಲ್ಲದ್ದರಿಂದ ಸಂಕೇತಗಳು ನಿಲ್ಲದೆ ಬರುತ್ತಿದ್ದವು. ಚಳಿಗಾಲದ ನಡುವೆ ಬಿಂದುಗಳೆಲ್ಲ ಒಂದೇ ಹಿನ್ನೀರಿನ ಅಂಚಿನಲ್ಲಿ ಎರಡು ಮೂರು ನೂರು ಮೀಟರ್ ಆಚೀಚೆ ಹರಡಿಕೊಂಡಿದ್ದವು. ಮೀನು ಚೆನ್ನಾಗಿ ಸಿಗುತ್ತಿರಬೇಕು, ಹಕ್ಕಿ ದೂರ ಹೋಗುತ್ತಿಲ್ಲ ಎಂದು ಟಿಪ್ಪಣಿ ಬರೆದಿಟ್ಟೆ. ನಾನು ಹಕ್ಕಿಯ ಓಡಾಟ ಎಂದುಕೊಂಡಿದ್ದು ಯಂತ್ರದ ದೋಷದ ಹರವು, ಅಲುಗಾಡದ ವಸ್ತುವಿನ ಬಿಂದುಗಳೂ ಹಾಗೆಯೇ ನಕ್ಷತ್ರದಾಕಾರದಲ್ಲಿ ಚದುರುತ್ತವೆ. ಯಂತ್ರ ಕಳುಹಿಸುವ ಬೇರೆ ಎರಡು ಅಂಕಿಗಳನ್ನು ನೋಡಿದ್ದರೆ ಮೊದಲ ವಾರದಲ್ಲೇ ತಿಳಿಯುತ್ತಿತ್ತು. ಜೀವಂತ ಹಕ್ಕಿಯ ಬೆನ್ನಿನ ಮೇಲಿರುವಾಗ ರಾತ್ರಿಯಲ್ಲೂ ಅದರ ಮೈಬಿಸಿಯಿಂದ ಒಂದಿಷ್ಟು ಬೆಚ್ಚಗಿರುತ್ತಿದ್ದ ಯಂತ್ರದ ಉಷ್ಣಾಂಶ, ಈಗ ಹಗಲಿನಲ್ಲಿ ನೆಲದಂತೆ ಕಾದು ಇರುಳಿನಲ್ಲಿ ನೆಲದಂತೆ ತಣ್ಣಗಾಗುತ್ತಿತ್ತು. ಚಲನೆಯನ್ನು ಎಣಿಸುವ ಅಂಕಿ ಒಂದೇ ಸಂಖ್ಯೆಯಲ್ಲಿ ನಿಂತುಹೋಗಿತ್ತು. ಆಮೇಲೂ ಹಕ್ಕಿ ಸತ್ತಿತೆಂದು ನಾನು ಬರೆಯಲಿಲ್ಲ. ಹತ್ತಿಯ ದಾರ ಸವೆದು ಯಂತ್ರವಷ್ಟೇ ಬಿದ್ದಿದ್ದರೂ ಅಂಕಿಗಳು ಹೀಗೆಯೇ ಇರುತ್ತವೆ. ಟಿಪ್ಪಣಿ ಪುಸ್ತಕದಲ್ಲಿ ಈಗ ಇರುವುದು "ಯಂತ್ರ ನೆಲದಲ್ಲಿದೆ" ಎಂಬ ಎರಡು ಪದ.

ನೀಲಿ ಗೆರೆಯ ಮರಿಯ ಬಗ್ಗೆ ಹೆಚ್ಚು ಬರೆಯುವ ಆಸೆ ನನಗೆ, ಏಕೆಂದರೆ ಚುಕ್ಕಿಗಳನ್ನು ಒಂದೊಂದಾಗಿ ಓದಬೇಕೆಂದು ಕಲಿಸಿದ್ದು ಅದು. ಹದ್ದು, ಕೊಕ್ಕರೆಗಳಂಥ ತೇಲುವ ಹಕ್ಕಿಗಳು ಸಮುದ್ರದ ಮೇಲೆ ಏರುಗಾಳಿ ಸಿಗದೆಂದು ಜಿಬ್ರಾಲ್ಟರಿನಂಥ ಇಕ್ಕಟ್ಟಾದ ಜಾಗಗಳನ್ನೇ ಹುಡುಕಿ ದಾಟುತ್ತವೆ. ಉದ್ದವಾದ ಕಿರಿದಾದ ರೆಕ್ಕೆಗಳನ್ನು ಬಡಿದು ದೀರ್ಘಕಾಲ ಹಾರಬಲ್ಲ ಮೀನುಡೇಗೆಗೆ ಆ ಕಟ್ಟಿಲ್ಲ, ಅದು ಎಲ್ಲಿ ಬೇಕಾದರೂ ಕಡಲಿಗೆ ಇಳಿಯಬಲ್ಲದು. ಆದರೆ ನೀರಿನ ಮೇಲೆ ಕುಳಿತು ವಿಶ್ರಮಿಸಲಾರದು. ದಕ್ಷಿಣಕ್ಕೆ ಹೋಗಬೇಕೆಂಬ ಹುಟ್ಟುಪ್ರೇರಣೆಯೊಂದನ್ನೇ ನೆಚ್ಚಿ ಹೊರಟ ಮರಿಗಳು ಬ್ರಿಟನ್ನಿನ ನೈರುತ್ಯ ತುದಿಯಿಂದ, ಫ್ರಾನ್ಸ್ ಮತ್ತು ಸ್ಪೇನುಗಳ ನಡುವಿನ ಬಿಸ್ಕೆ ಕೊಲ್ಲಿಗೆ ನೇರವಾಗಿ ಇಳಿಯುತ್ತವೆ. ಪೂರ್ವದ ಗಾಳಿ ಬೀಸುತ್ತಿದ್ದರೆ ತಮಗರಿವಿಲ್ಲದಂತೆಯೇ ಅಟ್ಲಾಂಟಿಕದ ಕಡೆಗೆ ಸರಿದು ಹೋಗುತ್ತವೆ, ಎಷ್ಟೋ ಮರಿಗಳ ಗೆರೆ ಅಲ್ಲಿಗೇ ಮುಗಿಯುತ್ತದೆ.

ಸೆಪ್ಟೆಂಬರ್ ನಡುವಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ನೀಲಿ ಮರಿ ಆ ನೈರುತ್ಯ ತುದಿಯ ಕಾರ್ನ್‌ವಾಲ್ ತೀರವನ್ನು ಬಿಟ್ಟಿತು. ಆ ಬಿಂದುವಿನ ನಂತರ ಮೌನ. ಮಾರನೆಯ ದಿನ ಮಧ್ಯಾಹ್ನದ ಮೇಲೆ 27 ಹೊಸ ಸಾಲುಗಳು ಒಟ್ಟಿಗೆ ಬಂದವು. ನಕ್ಷೆಯ ಮೇಲೆ ಅವನ್ನು ಹಾಕುವ ಮೊದಲು ಕಾಗದದ ಮೇಲೆ ಒಂದೊಂದೇ ಸಾಲನ್ನು ಬರೆದುಕೊಂಡು ಓದಿದೆ. ಮೊದಲ ಎಂಟು ಗಂಟೆ ವೇಗ ಸೆಕೆಂಡಿಗೆ 10, 11 ಮೀಟರ್, ಎತ್ತರ 80, 75, 90. ಅದರಲ್ಲಿ 50ನ್ನು ಕಳೆದರೆ ಅಲೆಗಳಿಂದ ಇಪ್ಪತ್ತೈದರಿಂದ ನಲವತ್ತು ಮೀಟರ್ ಮೇಲೆ, ಅಂದರೆ ತೇಲುವಿಕೆಯಿಲ್ಲದ ಬರೀ ರೆಕ್ಕೆಬಡಿತ. ಕತ್ತಲಾದ ಮೇಲೂ ಸಾಲುಗಳು ಹಾಗೆಯೇ ಮುಂದುವರಿದಿದ್ದವು, ನಿಲ್ಲಲು ಅದಕ್ಕೆ ಜಾಗವೆಲ್ಲಿತ್ತು? ನಡುರಾತ್ರಿ ಒಂದು ಗಂಟೆಯ ಸಾಲಿನಲ್ಲಿ ಎತ್ತರ 55 ಎಂದಿತ್ತು. ಐವತ್ತನ್ನು ಕಳೆದು ನೋಡಿ ನಾನು ಪೆನ್ಸಿಲನ್ನು ಕೆಳಗಿಟ್ಟೆ, ಮರಿ ಬದುಕಿದೆಯೆಂದು ಕೊನೆಯ ಸಾಲನ್ನು ನೋಡಿ ಆಗಲೇ ತಿಳಿದಿದ್ದರೂ. ಎರಡು ಗಂಟೆಯ ಸಾಲಿನಲ್ಲಿ ಮತ್ತೆ 85. ಬೆಳಗಿನ ಏಳು ಗಂಟೆಗೆ ಅದು ಪಶ್ಚಿಮ ರೇಖಾಂಶ 11ರಲ್ಲಿ, ಸ್ಪೇನಿನ ಮೂಲೆಯಿಂದ 200 ಕಿಲೊಮೀಟರಿಗಿಂತ ದೂರದ ತೆರೆದ ಸಾಗರದಲ್ಲಿತ್ತು, ಅಷ್ಟು ಹೊತ್ತಿಗೆ 21 ಗಂಟೆ ಹಾರಿಯಾಗಿತ್ತು. ಎಂಟು ಗಂಟೆಯ ಸಾಲಿನಿಂದ ಚಲನೆಯ ದಿಕ್ಕು ನೈರುತ್ಯದಿಂದ ಆಗ್ನೇಯಕ್ಕೆ ಬದಲಾಗಿತ್ತು. ಮಧ್ಯಾಹ್ನ ಒಂದು ಗಂಟೆಗೆ ಅದು ಸ್ಪೇನಿನ ಗಲೀಸಿಯಾದ ಫಿನಿಸ್ಟೆರೆ ಭೂಶಿರದ ಬಳಿ ನೆಲ ಮುಟ್ಟಿತು.

ಮೊದಲಿಗೆ ನನಗೆ ಅನಿಸಿದ್ದು, ಸೂರ್ಯ ಮೂಡಿದೊಡನೆ ಮರಿ ತನ್ನ ತಪ್ಪನ್ನು ಅರಿತು ನೆಲದ ಕಡೆಗೆ ತಿರುಗಿತು ಎಂದು. ಓದುವವರಿಗೆ ಹಿತವಾದ ಕಥೆ ಅದು, ಹಾಗೆಂದು ಬರೆದೂ ಇಟ್ಟಿದ್ದೆ. ಆಮೇಲೆ ಗಾಳಿಯ ದಾಖಲೆಯನ್ನು ಸೇರಿಸಿ ನೋಡಿದೆ. ಮೂವ್‌ಬ್ಯಾಂಕಿನಲ್ಲೇ ಪ್ರತಿ ಬಿಂದುವಿಗೂ ಆ ಹೊತ್ತಿನ, ಆ ಜಾಗದ ಗಾಳಿಯ ವೇಗ ಮತ್ತು ದಿಕ್ಕನ್ನು ಹವಾಮಾನ ಮಾದರಿಗಳಿಂದ ತಂದು ಜೋಡಿಸುವ ಸೌಲಭ್ಯವಿದೆ, ಸಮುದ್ರದ ಮೇಲಿನ ಹಾರಾಟಕ್ಕೆ ಮೇಲ್ಮೈಗೆ ಹತ್ತಿರದ ಗಾಳಿಯನ್ನೂ ನೆಲದ ಮೇಲಿನ ಎತ್ತರದ ಹಾರಾಟಕ್ಕೆ 925 ಅಥವಾ 850 ಹೆಕ್ಟೊಪ್ಯಾಸ್ಕಲ್ ಒತ್ತಡದ ಮಟ್ಟದ ಗಾಳಿಯನ್ನೂ ಆರಿಸಿಕೊಳ್ಳಬೇಕು. ರಾತ್ರಿಯಿಡೀ ಈಶಾನ್ಯದಿಂದ ಬೀಸಿದ್ದ ಗಾಳಿ ಬೆಳಗಿನ ಜಾವಕ್ಕೆ ಇಳಿದು, ಆರರ ಹೊತ್ತಿಗೆ ವಾಯವ್ಯದಿಂದ ಬೀಸತೊಡಗಿತ್ತು. ಯಂತ್ರ ಬರೆಯುವುದು ಹಕ್ಕಿ ನೆಲದ ಮೇಲೆ ಯಾವ ಕಡೆಗೆ ಸರಿಯಿತು ಎಂಬುದನ್ನು, ಅದರ ಕೊಕ್ಕು ಯಾವ ಕಡೆಗಿತ್ತು ಎಂಬುದನ್ನಲ್ಲ. ಪ್ರತಿ ಗಂಟೆಯ ಚಲನೆಯಿಂದ ಗಾಳಿಯ ಪಾಲನ್ನು ಕಳೆದು ನೋಡಿದಾಗ, ರಾತ್ರಿಯೆಲ್ಲ ಮರಿ ದಕ್ಷಿಣಕ್ಕೇ ಮುಖ ಮಾಡಿ ರೆಕ್ಕೆ ಬಡಿಯುತ್ತಿತ್ತು, ಪಶ್ಚಿಮಕ್ಕೆ ಒಯ್ದದ್ದು ಗಾಳಿ. ಬೆಳಗಿನ ನಂತರ ಪೂರ್ವಕ್ಕೆ ತಂದದ್ದರಲ್ಲಿಯೂ ಗಾಳಿಯ ಪಾಲು ದೊಡ್ಡದು, ಆದರೆ ಆ ಆರು ಗಂಟೆಗಳಲ್ಲಿ ಕಳೆದ ಮೇಲೆ ಉಳಿದ ದಿಕ್ಕು ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ ವಾಲಿತ್ತು. ಹಿತವಾದ ಕಥೆಯನ್ನು ಹೊಡೆದುಹಾಕಿ ಅಂಚಿನಲ್ಲಿ "ಗಾಳಿ, ಸ್ವಲ್ಪ ಮರಿ" ಎಂದು ಬರೆದೆ.

ಮುಂದೆ ಅದು ಪೋರ್ಚುಗಲ್, ಮೊರಾಕೊ ಕರಾವಳಿಗಳನ್ನು ಹಿಡಿದು, ಈಶಾನ್ಯದ ವಾಣಿಜ್ಯ ಮಾರುತದ ಬೆನ್ನೇರಿ ಸಹಾರಾದ ಪಶ್ಚಿಮ ಅಂಚನ್ನು ದಾಟಿ, ಸೆನೆಗಲ್ಲಿನ ಸಲೂಮ್ ನದೀಮುಖಜ ಭೂಮಿಯಲ್ಲಿ ಕೆಲವು ವಾರ ಅಲೆದು, ಕೊನೆಗೆ ಗಿನಿ-ಬಿಸಾವುವಿನ ಬಿಜಾಗೋಸ್ ದ್ವೀಪಸಮೂಹದಲ್ಲಿ ನೆಲೆ ನಿಂತಿತು. ಅಷ್ಟು ದೂರ ಹಾರಿದ ಹಕ್ಕಿ ಅಲ್ಲಿ ಮುಂದಿನ ತಿಂಗಳುಗಳನ್ನು ಕಳೆದದ್ದು ಎರಡು ಕಾಂಡ್ಲಾ ಕಾಲುವೆಗಳ ನಡುವಿನ ಮೂರು ನಾಲ್ಕು ಚದರ ಕಿಲೊಮೀಟರಿನಲ್ಲಿ. ದಿನದ ಹೆಚ್ಚಿನ ಬಿಂದುಗಳು ಒಂದೇ ಮರಳುದಿಬ್ಬದ ಮೇಲೆ ಬೀಳುತ್ತಿದ್ದವು. ಗೂಗಲ್ ಅರ್ಥಿನ ಹಳೆಯ ಚಿತ್ರದಲ್ಲಿ ಆ ಜಾಗ ನೀರಿನೊಳಗಿತ್ತು, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಇತ್ತೀಚಿನ ಚಿತ್ರವನ್ನು ತೆರೆದಾಗ ಅಲ್ಲಿ ಹೊಸದಾಗಿ ಮೇಲೆದ್ದ ದಿಬ್ಬವೊಂದು ಬಿಳಿಯ ಎಳೆಯಾಗಿ ಕಂಡಿತು. ಹತ್ತು ಮೀಟರಿಗೊಂದು ಚೌಕದಂತೆ ಕಾಣುವ ಆ ಚಿತ್ರದಲ್ಲಿ ಹಕ್ಕಿ ಕಾಣುವುದಿಲ್ಲ, ಅದು ಎಲ್ಲಿ ಕುಳಿತಿದೆ ಎಂಬುದು ಕಾಣುತ್ತದೆ. ಚಳಿಗಾಲದ ಓದಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ವಯಸ್ಕ ಹಕ್ಕಿಗಳಾದರೆ ಮಾರ್ಚಿನಲ್ಲಿ ಹೊರಟು ಮಾರ್ಚ್ ಕೊನೆಗೋ ಏಪ್ರಿಲಿನಲ್ಲೋ ಗೂಡಿಗೆ ಬರುತ್ತವೆ, ಆಫ್ರಿಕಾದಲ್ಲಿ ವರ್ಷವರ್ಷವೂ ಅದೇ ದಂಡೆ, ಉತ್ತರದಲ್ಲಿ ಅದೇ ಗೂಡು. ನಡುವಿನ ದಾರಿ ಮಾತ್ರ ಒಂದು ವರ್ಷದಿಂದ ಇನ್ನೊಂದಕ್ಕೆ ನೂರು ಕಿಲೊಮೀಟರಿಗೂ ಹೆಚ್ಚು ಆಚೀಚೆ ಆಗಬಹುದೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಒಂದೇ ಹಕ್ಕಿಯನ್ನು ಹಲವು ಬಾರಿ ಹಿಂಬಾಲಿಸಿ ತೋರಿಸಿದ್ದಾರೆ, ಕೆಂಪು ಹೆಣ್ಣಿನ ಎರಡು ವರ್ಷಗಳ ಗೆರೆಗಳನ್ನು ಒಂದರ ಮೇಲೊಂದು ಹಾಕಿದಾಗ ನನಗೂ ಹಾಗೆಯೇ ಕಂಡಿತು. ಮರಿಗಳ ಲೆಕ್ಕ ಬೇರೆ. ಮೊದಲ ಬೇಸಿಗೆಯನ್ನು ಅವು ಆಫ್ರಿಕಾದಲ್ಲೇ ಕಳೆಯುತ್ತವೆ, ಬದುಕುಳಿದವು ಸಾಮಾನ್ಯವಾಗಿ ಎರಡು ವರ್ಷ ತುಂಬುವ ಹೊತ್ತಿಗೆ, ವಯಸ್ಕರಿಗಿಂತ ತಡವಾಗಿ ಉತ್ತರಕ್ಕೆ ಬರುತ್ತವೆ. ಆದ್ದರಿಂದ ನೀಲಿ ಮರಿಯ ಕೋಷ್ಟಕವನ್ನು ನಾನು ಒಂದೂವರೆ ವರ್ಷ ವಾರಕ್ಕೊಮ್ಮೆ ಮಾತ್ರ ತೆರೆಯುತ್ತಿದ್ದೆ. ದಿಬ್ಬ, ಕಾಲುವೆ, ದಿಬ್ಬ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಚಳಿಗಾಲದ ನೆಲೆಯ ಬಗ್ಗೆ ಇಷ್ಟು ಬಿಡಿಸಿ ಬರೆದರೂ ಗೂಡಿನ ಜಾಗವನ್ನು ನಾನು ಎಲ್ಲಿಯೂ ಹೇಳಿಲ್ಲ. ಬ್ರಿಟನ್ನಿನಲ್ಲಿ ಈ ಹಕ್ಕಿಯ ಗೂಡಿಗೆ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯ ವಿಶೇಷ ರಕ್ಷಣೆಯಿದೆ, ಹಾಗಿದ್ದೂ ಮೊಟ್ಟೆಗಳ ಕಳವು ಅಲ್ಲಿ ಕೇವಲ ಹಳೆಯ ಕಥೆಯಾಗಿ ಉಳಿದಿಲ್ಲ. ನಕ್ಷೆಯನ್ನು ಬೇರೆಯವರಿಗೆ ಕಳುಹಿಸುವ ಮೊದಲು ಏಪ್ರಿಲಿನಿಂದ ಆಗಸ್ಟಿನವರೆಗಿನ ಬಿಂದುಗಳನ್ನು ತೆಗೆದುಹಾಕುತ್ತೇನೆ. ಒಂದು ಸಲ ಮರೆತೆ, ದತ್ತಾಂಶ ಕೊಟ್ಟವರು ಸೌಜನ್ಯದಿಂದಲೇ ಆದರೂ ಖಡಾಖಂಡಿತವಾಗಿ ಬರೆದರು, ಅವರು ಹೇಳಿದ್ದು ಸರಿಯಿತ್ತು.

ನೀಲಿ ಹಕ್ಕಿ ತನ್ನ ಎರಡನೆಯ ವಸಂತದಲ್ಲಿ, ಮೇ ತಿಂಗಳ ಮೊದಲ ವಾರ ದಿಬ್ಬವನ್ನು ಬಿಟ್ಟಿತು. ಸಹಾರಾದ ಮೌನ ಈ ಬಾರಿ ಆರು ದಿನ, ವಸಂತದಲ್ಲಿ ಅದೇ ಈಶಾನ್ಯ ಗಾಳಿ ಮುಖಕ್ಕೆ ಬೀಸುತ್ತದೆ. ನಾನು ಯಾರಿಗೂ ಏನನ್ನೂ ಬರೆಯಲಿಲ್ಲ. ಅದು ಸ್ಪೇನಿನಲ್ಲಿ ಕಾಣಿಸಿಕೊಂಡು, ಫ್ರಾನ್ಸಿನ ನೆಲದ ಮೇಲೆಯೇ ಸಾಗಿ, ಬಿಸ್ಕೆ ಕೊಲ್ಲಿಯನ್ನು ಪೂರ್ತಿಯಾಗಿ ಬಳಸಿ ಬಂದು, ಜೂನ್ ಆರಂಭದಲ್ಲಿ ಸ್ಕಾಟ್ಲೆಂಡನ್ನು ಮುಟ್ಟಿತು. ಒಂದು ಮಧ್ಯಾಹ್ನ ಎರಡು ಗಂಟೆಯ ಬಿಂದು ಅದು ಹುಟ್ಟಿದ ಸರೋವರದಿಂದ 19 ಕಿಲೊಮೀಟರ್ ದಕ್ಷಿಣಕ್ಕಿತ್ತು, ಮೂರು ಗಂಟೆಯ ಬಿಂದು 16 ಕಿಲೊಮೀಟರ್ ಉತ್ತರಕ್ಕಿತ್ತು. ತಂತ್ರಾಂಶ ಅವೆರಡರ ನಡುವೆ ಎಳೆದ ನೀಲಿ ಗೆರೆ ಗೂಡಿನ ಮರದ ನೆತ್ತಿಯ ಮೇಲೆಯೇ ಹಾದುಹೋಗಿತ್ತು. ನನ್ನ ಕಟ್ಟುಪಾಡಿನ ಪ್ರಕಾರ ಒಂದು ಗಂಟೆಯ ಅಂತರಕ್ಕೆ ತುಂಡಿಲ್ಲದ ಗೆರೆಯೇ ಸಲ್ಲಬೇಕು. ಸ್ವಲ್ಪ ಹೊತ್ತು ನೋಡಿ, ಆ 35 ಕಿಲೊಮೀಟರನ್ನು ಮಾತ್ರ ಬಿಡಿಬಿಡಿ ಗೆರೆಯಾಗಿ ಬದಲಿಸಿ ನಕ್ಷೆಯನ್ನು ಉಳಿಸಿದೆ.